ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆ: ಗಡಿ ಭಾಗದವರು ತಿಳಿದಿರಬೇಕಾದ್ದು

ಕೊಲ್ಹಾಪುರ: ದುಡ್ಡಿಲ್ಲದೆ ಆಪರೇಷನ್ ಮುಂದೂಡುವ ಬಡವರಿಗಾಗಿ ಮಹಾರಾಷ್ಟ್ರ ಸರ್ಕಾರ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯನ್ನು ಎಂಟು ಜಿಲ್ಲೆಗಳಲ್ಲಿ ಆರಂಭಿಸಿತು. 2013ರ ನವೆಂಬರ್‌ನಲ್ಲಿ ಅದು ಕೊಲ್ಹಾಪುರ ಸೇರಿದಂತೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2017ರಲ್ಲಿ ಫುಲೆಯವರ ಹೆಸರು ಬಂತು. 2023ರ ಜುಲೈ ಆದೇಶ ಕುಟುಂಬದ ವಾರ್ಷಿಕ ಮಿತಿಯನ್ನು 5 ಲಕ್ಷ ರೂ.ಗೆ ಏರಿಸಿತು.

ಸರ್ಕಾರಿ ದವಾಖಾನೆಯಲ್ಲಿ ಸರದಿ ಉದ್ದವಿದ್ದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೂ ಹೋಗಬಹುದು. ಪ್ರತಿ ಚಿಕಿತ್ಸೆಗೂ ದರ ನಿಗದಿಯಾಗಿದೆ. ಹಣ ನೇರವಾಗಿ ಆಸ್ಪತ್ರೆಗೆ ಸಲ್ಲುತ್ತದೆ. ಹೀಗಾಗಿ ಮನಬಂದಂತೆ ಬಿಲ್ ಏರಿಸಲು ಅವಕಾಶವಿಲ್ಲ.

2023ರಲ್ಲಿ ಮಹಾರಾಷ್ಟ್ರ ಈ ಯೋಜನೆಯನ್ನು ಕರ್ನಾಟಕದ 865 ಗಡಿ ಗ್ರಾಮಗಳಿಗೂ ಘೋಷಿಸಿದಾಗ ಕರ್ನಾಟಕ ತೀವ್ರವಾಗಿ ಆಕ್ಷೇಪಿಸಿತು. ಗಡಿಯ ವಾದ ಏನೇ ಇರಲಿ, ರೋಗಿಗೆ ಬೇಕಾದ್ದು ಸಮಯಕ್ಕೆ ಚಿಕಿತ್ಸೆ. ರೇಷನ್ ಕಾರ್ಡ್, ಗುರುತಿನ ಚೀಟಿಯೊಂದಿಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ಕಾಣಿರಿ. ಹೊಲ ಅಡವಿಡುವ ಮಾತು ಆಮೇಲೆ.