ತುಂಡುಚಿತ್ರವೂ ಹೊಲಿಗೆಯ ತರಗತಿಯೂ

ಕ್ರಿ. ಶ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ಕೆತ್ತನೆಗಾರನು ಭೂಪಟವನ್ನು ಹಲಗೆಗೆ ಅಂಟಿಸಿ, ದೇಶಗಳ ಎಲ್ಲೆಯನ್ನನುಸರಿಸಿ ಕೊಯ್ದು, ಮಕ್ಕಳ ಭೂಗೋಳಪಾಠಕ್ಕೆಂದು ಮಾರಿದನು. ಜಿಗ್‌ಸಾ ಎಂಬ ತುಂಡುಚಿತ್ರದ ಮೂಲವು ಇದೇ. ಪಾಠೋಪಕರಣವಾಗಿ ಹುಟ್ಟಿದ ಈ ಆಟಕ್ಕೆ ಈಗ ಹಳೆಯ ಶಾಲೆಗಳ ಛಾಯಾಚಿತ್ರಗಳೂ ವಸ್ತುವಾಗಿವೆ. ಅಂತಹ ಚಿತ್ರವು ಕಲಿಸುವ ಪಾಠವೇನೆಂಬುದು ವಿಚಾರಾರ್ಹವಾಗಿದೆ.

ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿಯು 1879ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲಿನ ಸೈನಿಕವಸತಿಗಳಲ್ಲಿ ಶಾಲೆಯೊಂದನ್ನು ತೆರೆದನು. ಅಲ್ಲಿಯ ಹೊಲಿಗೆಯ ತರಗತಿಯನ್ನು ಸುಮಾರು 1901ರಲ್ಲಿ ಫ್ರಾನ್ಸೆಸ್ ಬೆಂಜಮಿನ್ ಜಾನ್‌ಸ್ಟನ್ ಎಂಬಾಕೆ ಚಿತ್ರಿಸಿದಳು. ಚಿತ್ರದಲ್ಲಿ ಶಿಸ್ತೂ ಶಾಂತಿಯೂ ತೋರುತ್ತವೆ. ತೋರದಿರುವುದು ಬೇರೆ: ಮಕ್ಕಳ ಕೂದಲನ್ನು ಕತ್ತರಿಸಿದ್ದರು, ಸ್ವಭಾಷೆಯನ್ನು ನಿಷೇಧಿಸಿದ್ದರು. ದಿನದ ಅರ್ಧ ಓದಿಗೆ, ಉಳಿದರ್ಧ ದುಡಿಮೆಗೆ ಸಲ್ಲುತ್ತಿತ್ತು. ಶಾಲೆಯವರು ತೊಡುವ ಬಟ್ಟೆಗಳನ್ನು ಹುಡುಗಿಯರೇ ಹೊಲಿಯುತ್ತಿದ್ದರು. ಇಂತಹ ವಸತಿಶಾಲೆಗಳು ಮಕ್ಕಳ ದುಡಿಮೆಯನ್ನು ಅತಿಯಾಗಿ ಅವಲಂಬಿಸಿದ್ದುವೆಂದು 1928ರ ಮೆರಿಯಂ ವರದಿಯು ಖಂಡಿಸಿತು.

ಈ ಹುಡುಗಿಯರಿಗೆ ಸೂಜಿಯ ಕೆಲಸವು ಹೊಸದೆಂದು ಎಣಿಸುವುದೂ ಸರಿಯಲ್ಲ. ಲಕೋಟ ಮೊದಲಾದ ಜನಾಂಗಗಳ ಸ್ತ್ರೀಯರು ಮುಳ್ಳುಹಂದಿಯ ಮುಳ್ಳುಗಳಿಂದಲೂ ಮಣಿಗಳಿಂದಲೂ ತೊಗಲನ್ನು ಅಲಂಕರಿಸುವುದರಲ್ಲಿ ನಿಪುಣರು. ಶಾಲೆಯು ಆ ವಿದ್ಯೆಯನ್ನು ಬಹುಕಾಲ ವಿದ್ಯೆಯೆಂದೇ ಗಣಿಸಲಿಲ್ಲ. ವಿನ್ನೆಬಾಗೋ ಜನಾಂಗದ ಕಲಾವಿದೆ ಏಂಜೆಲ್ ಡಿಕೋರಾ 1906ರಲ್ಲಿ ಅಧ್ಯಾಪಕಿಯಾಗಿ ಬಂದ ಮೇಲೆಯೇ ಸ್ವದೇಶಕಲೆಗೆ ಅಲ್ಲಿ ಸ್ಥಾನ ದೊರೆಯಿತು. 1918ರಲ್ಲಿ ಶಾಲೆಯು ಮುಚ್ಚಿತು.

ತುಂಡುಚಿತ್ರವನ್ನು ಜೋಡಿಸುವವರು ಅಂಚಿನಿಂದ ಆರಂಭಿಸುವುದು ವಾಡಿಕೆ. ಕಾರ್ಲೈಲಿನ ಚರಿತ್ರೆಗೆ ಬೇಕಾದ ತುಂಡುಗಳಾದರೋ ಬಹುಮಟ್ಟಿಗೆ ಆ ಅಂಚಿನ ಹೊರಗೇ ಉಳಿದಿವೆ.