ಕಲಬುರಗಿ – ಬೆಂಗಳೂರು: ವಿಮಾನ ದೂರ ಹಾಗೂ ಪ್ರಯಾಣದ ಅವಧಿ

ಕಲಬುರಗಿ ವಿಮಾನ ನಿಲ್ದಾಣವು ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿ, ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಗ್ರಾಮದ ಬಳಿ ಇರುತ್ತದೆ. ದಿನಾಂಕ 22.11.2019ರಂದು ಉದ್ಘಾಟನೆಗೊಂಡ ಸದರಿ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ವೈಮಾನಿಕ ದೂರ ಸುಮಾರು 460 ಕಿ.ಮೀ. ಆಗಿರುತ್ತದೆ. ರೈಲು ಮಾರ್ಗದ ದೂರ ಸುಮಾರು 550 ಕಿ.ಮೀ.

ಹಾರಾಟದ ಅವಧಿಯು ವಿಮಾನದ ಮಾದರಿಯನ್ನು ಅವಲಂಬಿಸಿರುತ್ತದೆ. ಜೆಟ್ ವಿಮಾನಕ್ಕೆ ಸುಮಾರು ಒಂದು ಗಂಟೆ ಸಾಕು. ಎಟಿಆರ್ ಮಾದರಿಯ ಪಂಖದ ವಿಮಾನಕ್ಕೆ ಅದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ. ಆದರೆ ಟಿಕೆಟ್ಟಿನಲ್ಲಿ ನಮೂದಾದ ಈ ಅವಧಿಯನ್ನೇ ಪ್ರಯಾಣದ ಅವಧಿಯೆಂದು ಭಾವಿಸಿ, ಅದೇ ದಿನ ಬೆಂಗಳೂರಿನಲ್ಲಿ ಆಸ್ಪತ್ರೆಯ ತಪಾಸಣೆಗೋ ಸಂದರ್ಶನಕ್ಕೋ ಸಮಯ ಗೊತ್ತುಪಡಿಸಿಕೊಳ್ಳುವುದು ಸೂಕ್ತವಲ್ಲ.

ಬ್ರಹ್ಮಪುರದಿಂದ ಹೊರಡುವವರ ಲೆಕ್ಕವನ್ನು ಉದಾಹರಣೆಗೆ ನೋಡಬಹುದು. ನಿಲ್ದಾಣ ತಲುಪಲು 40 ನಿಮಿಷ, ಭದ್ರತಾ ತಪಾಸಣೆ ಮತ್ತು ನಿರೀಕ್ಷಣೆಗೆ ಒಂದೂವರೆ ಗಂಟೆ, ಹಾರಾಟಕ್ಕೆ ಒಂದು ಗಂಟೆ ಹತ್ತು ನಿಮಿಷ, ಇಳಿದು ಸಾಮಾನು ಪಡೆಯಲು ಅರ್ಧ ಗಂಟೆ. ಬಳಿಕ ದೇವನಹಳ್ಳಿಯಿಂದ ಬೆಂಗಳೂರು ನಗರದ ಒಳಗೆ ಬರಲು ಕನಿಷ್ಠ ಒಂದೂವರೆ ಗಂಟೆ. ಸಂಜೆಯ ದಟ್ಟಣೆಯಲ್ಲಿ ಇನ್ನೂ ಹೆಚ್ಚು. ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. ಹಾರಾಟವು ಇದರ ಕಾಲುಭಾಗಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸತಕ್ಕದ್ದು. ಕಮಲಾಪುರದವರು ಮೊದಲು ಸುಮಾರು 35 ಕಿ.ಮೀ. ಕ್ರಮಿಸಿ ಕಲಬುರಗಿಗೆ ಬರಬೇಕಾದ್ದರಿಂದ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುವುದು.

ಮಾರ್ಚ್ 2024ರಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಸುಮಾರು ಒಂಬತ್ತು ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ ರೈಲುಗಳಿಗೆ ಇನ್ನೂ ಹೆಚ್ಚು ಸಮಯ ಬೇಕಾದರೂ, ಮಲಗಿ ಪ್ರಯಾಣಿಸಿ ಬೆಳಿಗ್ಗೆ ತಲುಪುವ ಅನುಕೂಲವಿರುವುದರಿಂದ ಹಗಲಿನ ಸಮಯ ವ್ಯರ್ಥವಾಗುವುದಿಲ್ಲ.

ದೆಹಲಿಗೆ ನೇರ ವೈಮಾನಿಕ ದೂರ ಸುಮಾರು 1,250 ಕಿ.ಮೀ. ಇರುತ್ತದೆ. ದೆಹಲಿಗೂ ವಿದೇಶಕ್ಕೂ ತೆರಳುವ ಈ ಭಾಗದ ಅನೇಕರು ಹೈದರಾಬಾದಿನ ಶಂಷಾಬಾದ್ ನಿಲ್ದಾಣವನ್ನೇ ಬಳಸುತ್ತಾರೆ. ಕಮಲಾಪುರದಿಂದ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಅದು ಸುಮಾರು 200 ಕಿ.ಮೀ. ಆಗಿದ್ದು, ವಾಹನದಲ್ಲಿ ನಾಲ್ಕು ಗಂಟೆಯ ದಾರಿ.

ಕಲಬುರಗಿಯ ವಿಮಾನ ಸೇವೆಗಳು ಉಡಾನ್ ಯೋಜನೆಯ ನೆರವಿನಿಂದ ಆರಂಭವಾದವು. ಈ ನೆರವು ಮೂರು ವರ್ಷಗಳ ಅವಧಿಗೆ ಮಾತ್ರ ಸೀಮಿತವಾಗಿದ್ದು, ನಂತರ ಮಾರ್ಗವನ್ನು ಮುಂದುವರಿಸುವುದು ವಿಮಾನ ಸಂಸ್ಥೆಯ ವಾಣಿಜ್ಯ ನಿರ್ಧಾರವಾಗಿರುತ್ತದೆ. ಆದಕಾರಣ ಆಯಾ ದಿನ ಸೇವೆ ಲಭ್ಯವಿದೆಯೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಮುಂದಿನ ಟಿಕೆಟ್ ಕಾಯ್ದಿರಿಸತಕ್ಕದ್ದು.

ಬೆಂಗಳೂರಿನಿಂದ ಬೇರೆ ವಿಮಾನ ಹಿಡಿಯುವವರು ಎರಡೂ ಪ್ರಯಾಣಗಳನ್ನು ಸಾಧ್ಯವಾದಷ್ಟು ಒಂದೇ ಟಿಕೆಟ್ಟಿನಲ್ಲಿ ಪಡೆಯುವುದು ಕ್ಷೇಮ. ವಿಮಾನ ರದ್ದಾದಲ್ಲಿ ಬದಲಿ ವಿಮಾನ ಅಥವಾ ಪೂರ್ಣ ಹಣ ವಾಪಸಾತಿ, ಇವೆರಡರಲ್ಲಿ ಒಂದನ್ನು ಪಡೆಯುವ ಹಕ್ಕು ಪ್ರಯಾಣಿಕರಿಗಿರುತ್ತದೆ. ಆದರೆ ಪ್ರತ್ಯೇಕವಾಗಿ ಖರೀದಿಸಿದ ಎರಡನೆಯ ಟಿಕೆಟ್ಟಿಗೆ ಮೊದಲ ಸಂಸ್ಥೆಯು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲ.