ಆತಂಕ ಶಮನದ ಮಾತ್ರೆಗಳು

ತೀವ್ರ ಗಾಬರಿ, ಎದೆಬಡಿತ, ಕೈಕಾಲು ನಡುಕ, ನಿದ್ದೆಗೇಡು ಮುಂತಾದ ತೊಂದರೆಗಳನ್ನು ತಗ್ಗಿಸಲು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡುವ ಔಷಧಗಳು. ಇವುಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಬೆಂಜೊಡಯಾಜೆಪೀನ್ ಗುಂಪು: ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್. ಭಾರತದಲ್ಲಿ ಧಾರಾಳವಾಗಿ ಬಳಕೆಯಾಗುವ ಎಟಿಜೋಲಾಮ್ ರಚನೆಯಲ್ಲಿ ತುಸು ಬೇರೆಯಾದರೂ ಕೆಲಸ ಮಾಡುವ ಬಗೆಯಲ್ಲಿ ಇವುಗಳ ದಾಯಾದಿ. ಮಂಡ್ಯ ಜಿಲ್ಲೆಯ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಇವೆಲ್ಲ ‘ನಿದ್ದೆ ಮಾತ್ರೆ’, ‘ಟೆನ್ಷನ್ ಮಾತ್ರೆ’ ಎಂಬ ಹೆಸರಿನಲ್ಲೇ ಓಡಾಡುತ್ತವೆ.

ಇವು ಕೆಟ್ಟ ಔಷಧಗಳಲ್ಲ. ಸರಿಯಾದ ರೋಗಿಗೆ, ಸರಿಯಾದ ಅವಧಿಗೆ ಕೊಟ್ಟಾಗ ಇವುಗಳಷ್ಟು ಬೇಗ ನೆಮ್ಮದಿ ತರುವ ಮದ್ದು ಕಡಿಮೆ. ತೊಂದರೆ ಶುರುವಾಗುವುದು ಹಳೇ ಚೀಟಿ ಹಿಡಿದು ತಿಂಗಳುಗಟ್ಟಲೆ ಮುಂದುವರಿಸಿದಾಗ, ಇಲ್ಲವೇ ಯಾರೋ ಹೆದರಿಸಿದರೆಂದು ಒಂದೇ ದಿನದಲ್ಲಿ ಬಿಟ್ಟುಬಿಟ್ಟಾಗ.

ಹಿನ್ನೆಲೆ ಮತ್ತು ಕಾರ್ಯ

ಹಾಫ್‌ಮನ್-ಲಾ ರೋಶ್ ಕಂಪನಿಯ ರಸಾಯನ ವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ ‘ಲಿಬ್ರಿಯಂ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಾಜೆಪಾಮ್ ‘ವ್ಯಾಲಿಯಂ’ ಆಗಿ ಬಂತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಬಾರ್ಬಿಟುರೇಟುಗಳು ಪ್ರಮಾಣ ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲಿಸುತ್ತಿದ್ದುದರಿಂದ ಹೊಸ ಮಾತ್ರೆಗಳನ್ನು ವೈದ್ಯಲೋಕ ತೆರೆದ ಕೈಯಿಂದ ಸ್ವಾಗತಿಸಿತು. ಇವೂ ಅಭ್ಯಾಸ ಹಿಡಿಸುತ್ತವೆ ಎಂಬುದು ಜನರಿಗೂ ವೈದ್ಯರಿಗೂ ಮನದಟ್ಟಾಗಲು ಎರಡು ದಶಕಗಳೇ ಬೇಕಾದವು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಇವನ್ನು ಎರಡರಿಂದ ನಾಲ್ಕು ವಾರಕ್ಕೆ ಮಿತಿಗೊಳಿಸಲು ಹೇಳಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದುರ್ಬಳಕೆ, ಅವಲಂಬನೆ ಮತ್ತು ಬಿಡುವಾಗಿನ ತೊಂದರೆಗಳ ಬಗ್ಗೆ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಅತಿ ಗಂಭೀರ ಎಚ್ಚರಿಕೆ ಮುದ್ರಿಸಲು ಆದೇಶಿಸಿತು.

ಮಿದುಳಿನಲ್ಲಿ ನರಕೋಶಗಳ ಉದ್ವೇಗವನ್ನು ತಣಿಸುವ ‘ಗಾಬಾ’ ಎಂಬ ರಾಸಾಯನಿಕವಿದೆ. ಈ ಮಾತ್ರೆಗಳು ಅದರ ಪರಿಣಾಮವನ್ನು ಹೆಚ್ಚಿಸುತ್ತವೆ. ಅದಕ್ಕೇ ಒಂದೇ ಮಾತ್ರೆಯಿಂದ ಗಾಬರಿ ಇಳಿಯುತ್ತದೆ, ಸ್ನಾಯು ಸಡಿಲವಾಗುತ್ತದೆ, ನಿದ್ದೆ ಬರುತ್ತದೆ, ಅಪಸ್ಮಾರದ ಫಿಟ್ಸ್ ಹತೋಟಿಗೆ ಬರುತ್ತದೆ. ಜೊತೆಗೆ ನೆನಪು ಮಂದವಾಗುತ್ತದೆ, ಕಾಲು ತೂಗುತ್ತದೆ. ದಿನವೂ ನುಂಗುತ್ತ ಹೋದರೆ ಕೆಲವು ವಾರಗಳಲ್ಲಿ ಮಿದುಳು ಈ ಹೊರಗಿನ ನೆರವಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ಅಷ್ಟೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕೆನಿಸಬಹುದು. ಒಂದು ಹೊತ್ತು ತಪ್ಪಿದರೂ ಮೊದಲಿಗಿಂತ ಜೋರಾದ ದಿಗಿಲು ಏಳಬಹುದು. ರೋಗವೇ ಮರಳಿತೆಂದು ರೋಗಿ ನಂಬುತ್ತಾನೆ, ಮತ್ತೊಂದು ಮಾತ್ರೆ ನುಂಗುತ್ತಾನೆ.

ಮಾತ್ರೆಯ ಮೇಲಿನ ಅಂಕಿ ನೋಡಿ ಅದರ ಬಲ ಅಳೆಯಬಾರದು. ಆಲ್‌ಪ್ರಜೋಲಾಮ್ 0.5 ಮಿಲಿಗ್ರಾಂ ಹೆಚ್ಚುಕಡಿಮೆ ಡಯಾಜೆಪಾಮ್ 10 ಮಿಲಿಗ್ರಾಂಗೆ ಸಮ. ‘ಅರ್ಧ ಎಂ.ಜಿ. ತಾನೇ’ ಎಂದು ಪಕ್ಕದ ಮನೆಯವರಿಗೆ ಕೊಡುವ ಆ ಪುಟ್ಟ ಮಾತ್ರೆ ಪುಟ್ಟ ಔಷಧವಲ್ಲ. ದೇಹದಲ್ಲಿ ಉಳಿಯುವ ಕಾಲವೂ ಒಂದೊಂದಕ್ಕೆ ಒಂದೊಂದು ಥರ: ಆಲ್‌ಪ್ರಜೋಲಾಮ್ ಅರ್ಧದಷ್ಟು ಕರಗಲು ಸುಮಾರು 11 ಗಂಟೆ ಸಾಕು, ಕ್ಲೊನಾಜೆಪಾಮ್‌ಗೆ ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು, ಡಯಾಜೆಪಾಮ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಪದಾರ್ಥಗಳು ದಿನಗಟ್ಟಲೆ ಉಳಿಯುತ್ತವೆ. ಬೇಗ ಕರಗುವುದರಿಂದಲೇ ಆಲ್‌ಪ್ರಜೋಲಾಮ್ ಎರಡು ಹೊತ್ತಿನ ನಡುವೆಯೇ ಚಡಪಡಿಕೆ ತರಬಹುದು.

ಯಾರಿಗೆ, ಎಷ್ಟು ದಿನ

ದೀರ್ಘಕಾಲದ ಆತಂಕ ಕಾಯಿಲೆಗೆ ಮೊದಲ ಮದ್ದು ಇವಲ್ಲ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಔಷಧಗಳು ಮತ್ತು ತರಬೇತಾದವರು ನಡೆಸುವ ಮಾತಿನ ಚಿಕಿತ್ಸೆ ಆ ಜಾಗದಲ್ಲಿವೆ. ಆ ಔಷಧಗಳು ಫಲ ಕೊಡಲು ಎರಡರಿಂದ ಆರು ವಾರ ಹಿಡಿಯುತ್ತದೆ, ಮೊದಮೊದಲು ಹೊಟ್ಟೆ ತೊಳಸುವುದೂ ಉಂಟು. ಆ ನಡುವಿನ ದಿನಗಳನ್ನು ದಾಟಿಸಲು ವೈದ್ಯರು ಕ್ಲೊನಾಜೆಪಾಮ್‌ನಂಥ ಮಾತ್ರೆಯನ್ನು ಸ್ವಲ್ಪ ಕಾಲ ಸೇರಿಸುತ್ತಾರೆ. ರೋಗಿಯ ಅನುಭವಕ್ಕೆ ಮಾತ್ರ ಇದು ತಿರುಗುಮುರುಗಾಗಿ ಕಾಣುತ್ತದೆ: ನಿಧಾನದ ಔಷಧದಿಂದ ಏನೂ ಆಗಲಿಲ್ಲ, ಚಿಕ್ಕ ಮಾತ್ರೆ ಆ ರಾತ್ರಿಯೇ ಕೆಲಸ ಮಾಡಿತು. ಎರಡನೇ ತಿಂಗಳು ಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಕೊಳ್ಳುವವರು ಕಡಿಮೆಯಿಲ್ಲ. ಚೀಟಿ ಬರೆಯುವ ದಿನವೇ ‘ಇದನ್ನು ಯಾವತ್ತು ನಿಲ್ಲಿಸಬೇಕು?’ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳುವುದು ರೋಗಿಯ ಹಕ್ಕು. ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿಲ್ಲ.

ಎದೆ ಡವಡವ ಎನ್ನುವುದೆಲ್ಲ ಆತಂಕವೂ ಅಲ್ಲ. ಥೈರಾಯ್ಡ್ ಹೆಚ್ಚಳ, ರಕ್ತಹೀನತೆ, ಹೃದಯದ ಲಯ ತಪ್ಪುವುದು, ಸಕ್ಕರೆ ಕಾಯಿಲೆಯ ಔಷಧದಿಂದ ಸಕ್ಕರೆ ಇಳಿಯುವುದು, ಇವೆಲ್ಲವೂ ಅದೇ ರೂಪದಲ್ಲಿ ಬರುತ್ತವೆ. ರಕ್ತ ಪರೀಕ್ಷೆ, ಇ.ಸಿ.ಜಿ. ಮಾಡಿಸದೆ ದಿಗಿಲಿಗೆ ಮಾತ್ರೆ ನುಂಗುತ್ತ ಕೂತರೆ ಮೂಲ ಕಾಯಿಲೆ ಒಳಗೇ ಬೆಳೆಯುತ್ತದೆ.

ಸಾವು ನೋವು ಕಂಡ ಮನೆಯವರಿಗೆ ‘ನಿದ್ದೆಯಾದರೂ ಬರಲಿ’ ಎಂದು ಮಾತ್ರೆ ಕೊಡುವ ರೂಢಿ ಎಲ್ಲೆಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿದೆ: ಆಘಾತದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದಾಗಲಿ, ಆಪ್ತರನ್ನು ಕಳೆದುಕೊಂಡ ದುಃಖಕ್ಕಾಗಲಿ ಬೆಂಜೊಡಯಾಜೆಪೀನ್ ಕೊಡಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಅಂಥ ದುರಂತ ಕಂಡ ಸೀಮೆ ಈ ಮಾತನ್ನು ತಿಳಿದಿರಬೇಕು. ಮೊದಲ ವಾರಗಳ ಅಳು, ನಿದ್ದೆಯಿಲ್ಲದ ರಾತ್ರಿ ಕಾಯಿಲೆಯಲ್ಲ. ಆಗ ಬೇಕಾದದ್ದು ಜೊತೆಗಿರುವ ಜನ, ಹೊತ್ತಿಗೆ ಊಟ, ಮಾತಾಡಲು ಬಿಡುವವರು. ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಮುಂದೆ ಬಂದು ಬದುಕು ನಿಂತುಹೋದರೆ ಮನೋವೈದ್ಯರ ಬಳಿ ಹೋಗಬೇಕು.

ಸಾಲದ ಚಿಂತೆಯದು ಬೇರೆಯೇ ಕಥೆ. ಕಬ್ಬಿನ ಬಾಕಿ, ಬೆಲೆ ಕುಸಿತ, ಬಡ್ಡಿಯ ಹೊರೆಯ ನಡುವೆ 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದವು. ನಿದ್ದೆ ಬರುತ್ತಿಲ್ಲವೆಂದು ಬರುವ ರೈತನಲ್ಲಿ ಅಡಗಿರುವುದು ಎಷ್ಟೋ ಸಲ ಖಿನ್ನತೆ. ಆತಂಕದ ಮಾತ್ರೆ ಖಿನ್ನತೆಯನ್ನು ವಾಸಿಮಾಡುವುದಿಲ್ಲ, ಕೆಲವರಲ್ಲಿ ಹೆಚ್ಚಿಸುತ್ತದೆ. ಬದುಕು ಸಾಕೆಂಬ ಮಾತು ಬಾಯಲ್ಲಿ ಬಂದಿದ್ದರೆ ಅದನ್ನು ವೈದ್ಯರಿಗೆ ನೇರವಾಗಿ ಹೇಳಬೇಕು. ಒಂದು ವಾರಕ್ಕಾಗುವಷ್ಟೇ ಮಾತ್ರೆ ಬರೆಸಿಕೊಂಡು, ಶೀಟನ್ನು ಮನೆಯ ಇನ್ನೊಬ್ಬರು ಇಟ್ಟುಕೊಂಡು ಹೊತ್ತಿಗೊಂದು ಕೊಡುವುದು ಒಳ್ಳೆಯದು.

ಚೀಟಿ, ಮೆಡಿಕಲ್ ಸ್ಟೋರ್, ಕಾನೂನು

1945ರ ಔಷಧ ನಿಯಮಗಳಿಗೆ 2013ರಲ್ಲಿ ಸೇರಿಸಿ 2014ರ ಮಾರ್ಚ್ 1ರಿಂದ ಜಾರಿಗೆ ತಂದ ‘ಎಚ್1’ ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ನೈಟ್ರಜೆಪಾಮ್, ಜೊಲ್ಪಿಡೆಮ್ ಇವೆ. ಇವನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಇಂಥ ಶೀಟಿನ ಮೇಲೆ ಕೆಂಪು ಚೌಕದ ಎಚ್ಚರಿಕೆ ಇರುತ್ತದೆ. ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ನಿಯಮ: ಮತ್ತೆ ಕೊಡಬಹುದೆಂದು ವೈದ್ಯರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ‘ಅಣ್ಣಾ, ಹೋದ ತಿಂಗಳು ಕೊಟ್ಟಿದ್ದೆಯಲ್ಲ, ಅದೇ ಇನ್ನೊಂದು ಶೀಟು ಕೊಡು’ ಎಂದಾಗ ಇಲ್ಲವೆನ್ನುವ ಅಂಗಡಿಯವನು ಸತಾಯಿಸುತ್ತಿಲ್ಲ, ಕಾಪಾಡುತ್ತಿದ್ದಾನೆ. ಇವುಗಳಲ್ಲಿ ಹಲವು 1985ರ ಮಾದಕವಸ್ತು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಬರುತ್ತವೆ; ಚೀಟಿಯಿಲ್ಲದೆ ಹಂಚುವುದು ಅಪರಾಧವಾಗಬಲ್ಲದು.

ಗೊತ್ತಿಲ್ಲದೆಯೇ ಈ ಮಾತ್ರೆ ತಿನ್ನುವವರೂ ಇದ್ದಾರೆ. ಹೊಟ್ಟೆ ಉಬ್ಬರ, ನುಲಿತಕ್ಕೆ ಕೊಡುವ ಕೆಲವು ಮಿಶ್ರಣಗಳಲ್ಲಿ ಕ್ಲಿಡಿನಿಯಂ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿದೆ. ಖಿನ್ನತೆಯ ಅಮಿಟ್ರಿಪ್ಟಿಲಿನ್ ಜೊತೆಯೂ ಅದು ಬರುತ್ತದೆ. ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್, ಪ್ರೊಪ್ರನೊಲಾಲ್ ಜೊತೆ ಎಟಿಜೋಲಾಮ್ ಒಂದೇ ಮಾತ್ರೆಯಲ್ಲಿ ಸಿಗುತ್ತವೆ. ಮೈಸೂರಿನ ಡಾಕ್ಟರು ಒಂದು ಹೆಸರಿನಲ್ಲಿ, ಊರಿನ ಡಾಕ್ಟರು ಇನ್ನೊಂದು ಹೆಸರಿನಲ್ಲಿ ಬರೆದರೆ ಒಂದೇ ಔಷಧ ಎರಡು ಪಾಲು ಒಳಗೆ ಹೋಗುತ್ತದೆ. ಕಂಪನಿಯ ದಪ್ಪ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರು ಓದುವುದನ್ನು ಮನೆಯ ಓದಿದ ಮಕ್ಕಳಿಗಾದರೂ ಕಲಿಸಬೇಕು. ಪ್ರೊಪ್ರನೊಲಾಲ್ ಇರುವ ಮಿಶ್ರಣ ಅಸ್ತಮಾ ಇರುವವರಿಗೆ ಅಪಾಯಕಾರಿ ಎಂಬುದನ್ನೂ ಮರೆಯಬಾರದು.

ಮಾತ್ರೆ ಮತ್ತು ದುಡಿಮೆ

ಔಷಧದ ಎಚ್ಚರಿಕೆ ಚೀಟಿಗಳು ‘ವಾಹನ, ಯಂತ್ರ ನಡೆಸಬೇಡಿ’ ಎಂದಷ್ಟೇ ಹೇಳಿ ಮುಗಿಸುತ್ತವೆ. ಈ ಸೀಮೆಯಲ್ಲಿ ಯಂತ್ರವೆಂದರೆ ಆಲೆಮನೆ. ಕಬ್ಬು ಅರೆಯುವ ಗಾಣಕ್ಕೆ ಜಲ್ಲೆ ಒಡ್ಡುವ ಕೈ, ಕುದಿಯುವ ಕೊಪ್ಪರಿಗೆಯ ಬಳಿ ನಿಂತು ಪಾಕ ನೋಡುವ ಕಣ್ಣು ಅರೆಗಳಿಗೆ ಮಂಕಾದರೂ ಅನಾಹುತ. ಕಬ್ಬು ತುಂಬಿದ ಟ್ರ್ಯಾಕ್ಟರು ಓಡಿಸುವವರು, ನಾಲೆ ಏರಿಯ ಮೇಲೆ ಬೈಕಿನಲ್ಲಿ ಬರುವವರು, ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಗದ್ದೆಗೆ ನೀರು ಕಟ್ಟಲು ಹೋಗುವವರು ತಮ್ಮ ಕೆಲಸ ಯಾವುದು, ಯಾವ ಹೊತ್ತಿನದು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ರಾತ್ರಿ ಹತ್ತಕ್ಕೆ ನುಂಗಿದ ಕ್ಲೊನಾಜೆಪಾಮ್‌ನ ಮಂಪರು ಮರುದಿನ ಬೆಳಗ್ಗೆಯೂ ಇರಬಹುದು. ಹೊಸದಾಗಿ ಶುರುಮಾಡಿದಾಗ, ಪ್ರಮಾಣ ಏರಿಸಿದಾಗ ಗಾಡಿಯ ಕೀಲಿ ಬೇರೆಯವರ ಕೈಯಲ್ಲಿರಲಿ.

ಹೆಂಡ, ಬ್ರಾಂದಿ, ಬಿಯರು ಯಾವುದರ ಜೊತೆಗೂ ಈ ಮಾತ್ರೆ ಸಲ್ಲದು. ಎರಡೂ ಮಿದುಳಿನ ಒಂದೇ ಕೀಲನ್ನು ಒತ್ತುತ್ತವೆ. ಕೂಡಿದಾಗ ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆಗೂ ಇದೇ ಅಪಾಯ. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ತೂಕಡಿಕೆಯನ್ನು ಹೆಚ್ಚಿಸುತ್ತದೆ. ಕ್ಲಾರಿಥ್ರೊಮೈಸಿನ್, ಚರ್ಮದ ಹುಳುಕಡ್ಡಿಗೆ ಕೊಡುವ ಇಟ್ರಕೊನಜೋಲ್ ಮಾತ್ರೆಗಳು ಆಲ್‌ಪ್ರಜೋಲಾಮ್ ಕರಗದಂತೆ ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್ ಅದನ್ನು ಇಳಿಸುತ್ತದೆ. ಮನೆಯಲ್ಲಿ ಕುಡಿಯುವ ಕಷಾಯ, ನಾಟಿ ಔಷಧವನ್ನೂ ಮುಚ್ಚಿಡದೆ ಹೇಳಬೇಕು.

ಅರವತ್ತೈದು ದಾಟಿದವರಲ್ಲಿ ಈ ಔಷಧಗಳನ್ನು ಆದಷ್ಟು ತಪ್ಪಿಸಬೇಕೆಂಬುದು ವೈದ್ಯರ ಒಮ್ಮತ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದು, ಮಾತು ಮರೆಯುವುದು, ಮನೆಯವರ ಗುರುತು ತಪ್ಪುವುದು ಕಂಡಾಗ ಅಜ್ಜನಿಗೆ ಅರಳುಮರಳು ಎಂದು ಮನೆಯವರು ಕೈಚೆಲ್ಲುತ್ತಾರೆ. ಮೊದಲು ನೋಡಬೇಕಾದದ್ದು ಅಜ್ಜನ ಮಾತ್ರೆ ಡಬ್ಬಿ. ಉಸಿರಾಟದ ಕಾಯಿಲೆ, ಜೋರಾದ ಗೊರಕೆಯೊಡನೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಲಿವರ್ ತೊಂದರೆ, ಸ್ನಾಯು ಸೋಲುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆ ಇರುವವರಿಗೂ ಇವು ತೊಡಕು. ಹೆರಿಗೆಗೆ ಹತ್ತಿರದ ತಿಂಗಳುಗಳಲ್ಲಿ ತಾಯಿ ತೆಗೆದುಕೊಂಡರೆ ಹುಟ್ಟಿದ ಮಗು ಬಲವಿಲ್ಲದೆ ಮೆತ್ತಗಾಗಿ, ಹಾಲು ಕುಡಿಯಲು ಸೋಲಬಹುದು. ಹಾಗೆಂದು ಬಸುರಿ ತಾನಾಗಿಯೇ ಫಕ್ಕನೆ ನಿಲ್ಲಿಸುವುದೂ ತಪ್ಪು.

ಬಿಡುವ ಬಗೆ

ವಾರಗಟ್ಟಲೆ ದಿನವೂ ತೆಗೆದುಕೊಂಡ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ನಿದ್ದೆ ಹಾರುತ್ತದೆ, ಬೆವರು ನಡುಕ ಬರುತ್ತದೆ, ಬೆಳಕು ಸದ್ದು ಸಹಿಸಲಾಗುವುದಿಲ್ಲ, ಕೆಲವರಿಗೆ ಫಿಟ್ಸ್ ಬರುತ್ತದೆ. ಫಿಟ್ಸ್ ಜೀವಕ್ಕೇ ಕುತ್ತು ತರಬಲ್ಲದು. ಅದಕ್ಕೆ ಮೆಲ್ಲಮೆಲ್ಲನೆ ಇಳಿಸಬೇಕು. ಅಮೆರಿಕದ ತಜ್ಞ ಸಂಘಗಳ 2025ರ ಮಾರ್ಗಸೂಚಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪ್ರಮಾಣದ ನೂರರಲ್ಲಿ 5ರಿಂದ 10 ಪಾಲು ಇಳಿಸಿ ನೋಡಲು ಹೇಳುತ್ತದೆ. ವರ್ಷಗಟ್ಟಲೆ ತಿಂದವರಿಗೆ ಬಿಡಲು ತಿಂಗಳುಗಳೇ ಹಿಡಿಯಬಹುದು. ಬೇಗ ಕರಗುವ ಮಾತ್ರೆಯಿಂದ ನಿಧಾನ ಕರಗುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುವ ಕ್ರಮವೂ ಇದೆ. ಇಳಿಸುವ ಹಾದಿಯಲ್ಲಿ ಒಂದು ಮೆಟ್ಟಿಲಲ್ಲಿ ಕಷ್ಟವಾದರೆ ಅಲ್ಲೇ ಕೆಲವು ವಾರ ನಿಲ್ಲಬಹುದು. ಅದು ಸೋಲಲ್ಲ. ದಿನ ಬಿಟ್ಟು ದಿನ ತಿನ್ನುವುದು ಮಾತ್ರ ಸರಿಯಾದ ಕ್ರಮವಲ್ಲ, ಅದರಿಂದ ಒಂದು ದಿನ ಏರು, ಮರುದಿನ ಇಳಿವಾಗಿ ಚಡಪಡಿಕೆ ಹೆಚ್ಚುತ್ತದೆ. ಅಭ್ಯಾಸ ಹಿಡಿದವರನ್ನು ‘ಚಟದವರು’ ಎಂದು ಹಂಗಿಸುವುದು ಅನ್ಯಾಯ; ಬಹುಪಾಲು ಜನ ಡಾಕ್ಟರು ಬರೆದದ್ದನ್ನೇ ನಂಬಿ ನುಂಗಿದವರು.

ತುರ್ತು ಮತ್ತು ನೆರವು

ಹೆಚ್ಚು ಮಾತ್ರೆ ನುಂಗಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಬೇಕು. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ವಾಂತಿ ಮಾಡಿಸಬಾರದು, ಉಪ್ಪುನೀರು, ಹುಣಸೆನೀರು ಕುಡಿಸಬಾರದು. ಖಾಲಿ ಶೀಟುಗಳನ್ನು ಆಸ್ಪತ್ರೆಗೆ ಒಯ್ಯಬೇಕು. ಫ್ಲುಮಜೆನಿಲ್ ಎಂಬ ಪ್ರತಿಮದ್ದು ಇದೆಯಾದರೂ ಬಹುಕಾಲ ಮಾತ್ರೆ ತಿಂದವರಲ್ಲಿ ಅದು ಫಿಟ್ಸ್ ತರಿಸಬಲ್ಲದು, ಹಾಗಾಗಿ ವೈದ್ಯರು ಅಳೆದು ತೂಗಿ ಬಳಸುತ್ತಾರೆ.

ಹಳ್ಳಿಯ ಬಾಗಿಲಿಗೆ ಮನೋವೈದ್ಯ ಸೇವೆ ತರುವ ದಾರಿ ಕರ್ನಾಟಕದಲ್ಲೇ ಮೂಡಿತು. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಜ್ಞರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ‘ಮನೋಚೈತನ್ಯ’ ಯೋಜನೆ ರಾಜ್ಯ ಸರ್ಕಾರದ್ದು. ಹೋಗುವ ಮುನ್ನ ದಿನ, ಹೊತ್ತನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಬಹುದು. ಈ ಭಾಗದವರಿಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರದವು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮನಸ್’ ಉಚಿತ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ವೈದ್ಯರನ್ನು ಕಾಣಲು ಹೋಗುವಾಗ ಮನೆಯಲ್ಲಿರುವ ಎಲ್ಲ ಶೀಟುಗಳನ್ನೂ, ಗ್ಯಾಸಿನದು, ನೆಗಡಿಯದು, ಬಿ.ಪಿ.ಯದು ಸಹಿತ, ಒಂದು ಚೀಲದಲ್ಲಿ ಹಾಕಿ, ಹಳೇ ಚೀಟಿಗಳೊಡನೆ ಒಯ್ಯಬೇಕು.